ತಲೆ ಅಳೆದವರ ಕಾಲ, ನರಕೋಶ ಎಣಿಸಿದವರ ಕಾಲ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿದೆ ಕಾಮಗೆರೆ. ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು, ಮೂಡಣಕ್ಕೆ ಮಾದಪ್ಪನ ಎಪ್ಪತ್ತೇಳು ಮಲೆ. ಇವತ್ತು ಇದೆಲ್ಲ ಚಾಮರಾಜನಗರ ಜಿಲ್ಲೆ. ಆದರೆ 1956ರ ನವೆಂಬರ್ 1ಕ್ಕೆ ಮೊದಲು ಕಾಮಗೆರೆಯವರ ಜಿಲ್ಲಾ ಕಚೇರಿ ಇದ್ದದ್ದು ಕೊಯಮತ್ತೂರಿನಲ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸು ಪ್ರಾಂತಕ್ಕೆ ಸೇರಿತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಬೆಟ್ಟ ಒಂದೇ, ಅದರೊಳಗೆ ಓಡಾಡುವ ಆನೆ ಒಂದೇ, ಅಲ್ಲಿ ಬಾಳುವ ಸೋಲಿಗರು ಒಂದೇ ಜನ. ಆಳುವ ಸರ್ಕಾರ ಮಾತ್ರ ಎರಡು.

ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಈ ಎರಡೂ ಸರ್ಕಾರಗಳು ತಮ್ಮ ಪ್ರಜೆಗಳ ಜಾತಿ, ಕುಲ, ಮೈಕಟ್ಟುಗಳನ್ನು ದಾಖಲಿಸಲು ಹೊರಟವು. ಆ ಕಾಲದ ವಿಜ್ಞಾನ ತಲೆಬುರುಡೆಯಲ್ಲಿ ಮನುಷ್ಯನ ಯೋಗ್ಯತೆ ಬರೆದಿದೆ ಎಂದು ನಂಬಿತ್ತು. ಆ ನಂಬಿಕೆ ಹೇಗೆ ಈ ಬೆಟ್ಟಗಳ ತನಕ ಬಂತು, ಹೇಗೆ ಕುಸಿಯಿತು, ಅದರ ಜಾಗದಲ್ಲಿ ಎಂಥ ತಿಳಿವಳಿಕೆ ಬಂತು ಎಂಬುದೇ ಈ ಕಥೆ. ಇದರಲ್ಲಿ ಮನುಷ್ಯನ ಜೊತೆಗೆ ಆನೆಯೂ ಇದೆ, ಜೇನುಹುಳವೂ ಇದೆ.

ಆನೆಯ ಬುದ್ಧಿಯ ಬಗ್ಗೆ ಒಂದು ತೀರ್ಪು

ಮೊದಲು ಪರೀಕ್ಷೆಗೆ ಒಳಗಾದದ್ದು ಆನೆ. ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರಿನ ನಾಲಾ ಇಲಾಖೆಯಲ್ಲಿದ್ದರು. 1874ರಲ್ಲಿ ಚಾಮರಾಜನಗರದ ಹತ್ತಿರ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಕರಡಿಹಳ್ಳಿಯಲ್ಲಿ, ಹಿಂಡನ್ನೇ ಕಂದಕದೊಳಗೆ ಅಟ್ಟಿ ಹಿಡಿಯುವ ಖೆಡ್ಡಾ ನಡೆಸಿ ಗೆದ್ದರು. ಮುಂದೆ ಕಾಕನಕೋಟೆಯಲ್ಲಿ ನಡೆದು ಲೋಕಪ್ರಸಿದ್ಧವಾದ ಮೈಸೂರು ಖೆಡ್ಡಾಗಳಿಗೆ ಇದೇ ಬುನಾದಿ. ಆನೆಯ ಜಾಡು ಹಿಡಿಯಲು ಅವರಿಗೆ ನೆರವಾದವರಲ್ಲಿ ಬೆಟ್ಟದ ಸೋಲಿಗರೂ ಇದ್ದರು.

1878ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಸ್ಯಾಂಡರ್ಸನ್ ಆನೆಯ ಸೌಮ್ಯತೆ, ವಿಧೇಯತೆ, ತಾಳ್ಮೆಗಳನ್ನು ಮನಸಾರೆ ಹೊಗಳಿದರು. ಅದರ ಬುದ್ಧಿಯ ಬಗ್ಗೆ ಮಾತ್ರ ಅವರ ತೀರ್ಪು ಖಡಾಖಂಡಿತವಾಗಿತ್ತು: ಜನ ಹೇಳುವಷ್ಟು ಜಾಣತನ ಅದಕ್ಕಿಲ್ಲ, ತರ್ಕಿಸುವ ಶಕ್ತಿಯಲ್ಲಿ ಅದು ನಾಯಿಗಿಂತ ಕೆಳಗೆ. ಏಷ್ಯಾದ ಆನೆಯ ಮಿದುಳು ಸುಮಾರು 5 ಕಿಲೊ ತೂಗುತ್ತದೆ. ಆನೆಯಷ್ಟು ದೊಡ್ಡ ಮಿದುಳು ನೆಲದ ಮೇಲಿನ ಬೇರೆ ಯಾವ ಜೀವಿಗೂ ಇಲ್ಲ. ಗಾತ್ರವೇ ಬುದ್ಧಿಯಾಗಿದ್ದರೆ ಸ್ಯಾಂಡರ್ಸನ್ನರ ತೀರ್ಪಿಗೆ ಎಡೆಯೇ ಇರುತ್ತಿರಲಿಲ್ಲ. ಅವರು ಸರಿಯೋ ತಪ್ಪೋ ಎಂದು ಒರೆಗೆ ಹಚ್ಚುವ ಸಾಧನ ವಿಜ್ಞಾನದ ಕೈಗೆ ಸಿಗಲು ಇನ್ನೂ ಸುಮಾರು 130 ವರ್ಷ ಬೇಕಿತ್ತು.

ಮದರಾಸಿನಿಂದ ಬಂದ ಅಳತೆಗೋಲು

ಯುರೋಪು, ಅಮೆರಿಕಗಳಲ್ಲಿ ಆ ಹೊತ್ತಿಗೆ ಬುರುಡೆ ಅಳೆಯುವುದು ದೊಡ್ಡ ಶಾಸ್ತ್ರವೇ ಆಗಿತ್ತು. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ಬುರುಡೆಗಳೊಳಗೆ ಸಣ್ಣ ಕಾಳು ತುಂಬಿ ಅಳೆದು, 1839ರಲ್ಲಿ ಜನಾಂಗಗಳಿಗೆ ಮೇಲು ಕೀಳಿನ ಪಟ್ಟಿ ಕಟ್ಟಿದ. ಸ್ವೀಡನ್ನಿನ ಆಂಡರ್ಸ್ ರೆಟ್ಜಿಯಸ್ ತಲೆಯ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವ ಶಿರೋಸೂಚ್ಯಂಕ ಕೊಟ್ಟ. ಪ್ಯಾರಿಸಿನಲ್ಲಿ ಪಾಲ್ ಬ್ರೋಕಾ 1859ರಲ್ಲಿ ಮಾನವಶಾಸ್ತ್ರ ಸಂಘ ಕಟ್ಟಿ, ಮಿದುಳು ತೂಗುವುದನ್ನೇ ವ್ರತದಂತೆ ನಡೆಸಿದ. ಗಂಡಿನ ಮಿದುಳು ಹೆಣ್ಣಿನದಕ್ಕಿಂತ, ಬಿಳಿಯರದ್ದು ಉಳಿದವರದಕ್ಕಿಂತ ದೊಡ್ಡದು, ಆದ್ದರಿಂದ ಶ್ರೇಷ್ಠ ಎಂಬುದು ಆ ಮಂದಿಯ ಸಿದ್ಧಾಂತ.

ಈ ಶಾಸ್ತ್ರವನ್ನು ದಕ್ಷಿಣ ಭಾರತದಲ್ಲಿ ಹೊತ್ತು ತಿರುಗಿದವರು ಎಡ್ಗರ್ ಥರ್ಸ್ಟನ್. 1885ರಿಂದ 1908ರವರೆಗೆ ಅವರು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರು. ಹರ್ಬರ್ಟ್ ರಿಸ್ಲಿ ಆಗ ಇಡೀ ಭಾರತದ ಜನಗಣತಿಯನ್ನು ನೋಡಿಕೊಳ್ಳುತ್ತಿದ್ದರು. ಮೂಗಿನ ಅಗಲಕ್ಕೂ ಜಾತಿಯ ಅಂತಸ್ತಿಗೂ ನಂಟಿದೆ ಎಂದು ಸಾಧಿಸಲು ಹೊರಟವರು ಅವರೇ. 1901ರಲ್ಲಿ ದೇಶವ್ಯಾಪಿ ಜನಾಂಗ ಸಮೀಕ್ಷೆ ಆರಂಭವಾದಾಗ ಮದರಾಸು ಪ್ರಾಂತದ ಹೊಣೆ ಥರ್ಸ್ಟನ್ನರಿಗೆ ಬಂತು. ಎತ್ತರ ಅಳೆಯುವ ಕಂಬ, ತಲೆ ಮೂಗು ಅಳೆಯುವ ಕ್ಯಾಲಿಪರ್ ಹೊತ್ತು ಅವರ ತಂಡ ಬೆಟ್ಟ ಕಾಡು ಅಲೆಯಿತು. ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತು ಏಳು ಸಂಪುಟಗಳ ಗ್ರಂಥ ಹೊರಬಂತು. ಅದರಲ್ಲಿ ಸೋಲಿಗರ ಬಗ್ಗೆಯೂ ಒಂದು ಬರಹವಿದೆ. ತಲೆ ಮೂಗುಗಳ ಅಳತೆಯ ಕೋಷ್ಟಕದಲ್ಲಿ ಅವರಿಗೂ ಒಂದು ಸಾಲಿದೆ.

ಅಳೆಸಿಕೊಂಡವರ ಮನಸ್ಸಿನಲ್ಲಿ ಏನಿತ್ತು? ಥರ್ಸ್ಟನ್ನರೇ ಬರೆದಿಟ್ಟ ಕೆಲವು ಪ್ರಸಂಗಗಳಿಂದ ಗೊತ್ತಾಗುತ್ತದೆ. ವಯನಾಡಿನ ಪಣಿಯರ ಹೆಂಗಸರು, ತಮ್ಮಲ್ಲಿ ಚೆಂದದವರನ್ನು ಆರಿಸಿ ಕೊಂದು ಒಳಗೆ ಹುಲ್ಲು ತುಂಬಿ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸುತ್ತಾರೆ ಎಂದು ಹೆದರಿದ್ದರಂತೆ. ನೀಲಗಿರಿಯ ಒಬ್ಬ ಇರುಳಿಗನಿಗೆ ಎತ್ತರದ ಕಂಬ ನೇಣುಗಂಬದಂತೆ ಕಂಡಿತ್ತು. ಥರ್ಸ್ಟನ್ ಇವನ್ನು ತಮಾಷೆಯೆಂದು ಬರೆದರು. ಆದರೆ ಸರ್ಕಾರದ ಆಳು ಬಂದು ಮುಟ್ಟಬಾರದ ತಲೆಯನ್ನು ಮುಟ್ಟಿ, ಏನೋ ಗೀಚಿಕೊಂಡು, ಏಕೆಂದು ತಿಳಿಸದೆ ಹೋದಾಗ ಹುಟ್ಟುವ ಭಯ ಎಲ್ಲರದ್ದೂ ಒಂದೇ. ಆ ಭಯಕ್ಕೆ ಕಾರಣವೂ ಇತ್ತು, ನ್ಯಾಯವೂ ಇತ್ತು.

ಗಡಿಯ ಈಚೆ ಮೈಸೂರಿನಲ್ಲಿ ಸಮೀಕ್ಷೆಯನ್ನು ವಹಿಸಿಕೊಂಡವರು ಎಚ್.ವಿ. ನಂಜುಂಡಯ್ಯ, ಮುಂದೆ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದವರು. ಮದುವೆ, ಹಬ್ಬ, ಕುಲದೇವರು, ಆಸ್ತಿಯ ಕ್ರಮಗಳ ಬಗ್ಗೆ ಅವರು ಬರೆಸಿದ ಕಿರುಹೊತ್ತಗೆಗಳಿಗೆ ಇವತ್ತಿಗೂ ಬೆಲೆ ಇದೆ. 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಕೆಲಸವನ್ನು ನಾಲ್ಕು ಸಂಪುಟಗಳಾಗಿ ಬೆಳೆಸಿದರು. 1935ರಲ್ಲಿ ಬಂದ ಮೊದಲ ಸಂಪುಟದಲ್ಲಿ ಮೈಸೂರಿನ 'ಜನಾಂಗ ಇತಿಹಾಸ' ಕುರಿತ ಪ್ರಬಂಧ ಬರೆದವರು ಜರ್ಮನಿಯ ಜನಾಂಗವಾದಿ ಮಾನವಶಾಸ್ತ್ರಜ್ಞ ಏಗಾನ್ ಫಾನ್ ಐಕ್‌ಸ್ಟೆಟ್. ಅದೇ ವರ್ಷಗಳಲ್ಲಿ ಜರ್ಮನಿಯಲ್ಲಿ ಜನಾಂಗಶಾಸ್ತ್ರ ಕಾನೂನಾಗಿ, ಮುಂದೆ ಕೊಲೆಯಾಗಿ ಬದಲಾಯಿತು. ತಲೆ ಅಳೆದು ಮನುಷ್ಯರನ್ನು ವಿಂಗಡಿಸುವ ಅಭ್ಯಾಸ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಜಗತ್ತು ಕಣ್ಣಾರೆ ಕಂಡಿತು.

ಕುಸಿದ ಶಾಸ್ತ್ರ

ಆ ಶಾಸ್ತ್ರವನ್ನು ಒಳಗಿನಿಂದಲೇ ಕೆಡವಿದ್ದು ಅದರ ಅಂಕಿಗಳು. ಮಹಾನುಭಾವರ ಮಿದುಳು ತೂಗುವ ಹವ್ಯಾಸ ಬೆಳೆದಾಗ ಲೆಕ್ಕ ತಾಳೆಯಾಗಲಿಲ್ಲ. ರಷ್ಯಾದ ಕಾದಂಬರಿಕಾರ ತುರ್ಗೆನೆವ್ ಅವರ ಮಿದುಳು 2,012 ಗ್ರಾಮ್. ನೊಬೆಲ್ ಪಡೆದ ಫ್ರೆಂಚ್ ಲೇಖಕ ಅನತೋಲ್ ಫ್ರಾನ್ಸ್ ಅವರದ್ದು 1,017 ಗ್ರಾಮ್, ಅದರ ಅರ್ಧದಷ್ಟು. 1955ರಲ್ಲಿ ತೀರಿಕೊಂಡ ಐನ್‌ಸ್ಟೈನರದ್ದು 1,230 ಗ್ರಾಮ್, ಸಾಮಾನ್ಯ ಗಂಡಸಿನ ಸರಾಸರಿಗಿಂತ ಕಡಿಮೆ. ಅಮೆರಿಕದಲ್ಲಿ ಫ್ರಾಂಜ್ ಬೋವಾಸ್ ವಲಸೆಗಾರರ ಮಕ್ಕಳ ತಲೆ ಅಳೆದು, ತಾಯ್ತಂದೆಯರಿಗೂ ಹೊಸ ನಾಡಿನಲ್ಲಿ ಹುಟ್ಟಿದ ಮಕ್ಕಳಿಗೂ ಶಿರೋಸೂಚ್ಯಂಕ ಬೇರೆಯಾಗುವುದನ್ನು 1911ರ ಹೊತ್ತಿಗೆ ತೋರಿಸಿದರು. ಜನಾಂಗದ ಅಚಲ ಗುರುತು ಎಂದುಕೊಂಡಿದ್ದದ್ದು ಒಂದೇ ತಲೆಮಾರಿನಲ್ಲಿ ಅಲುಗಿತು. ಇಲ್ಲಿ ಭಾರತದಲ್ಲಿ ಪಿ.ಸಿ. ಮಹಲನೋಬಿಸ್ 1933ರಲ್ಲಿ ರಿಸ್ಲಿಯ ಬಂಗಾಳದ ಅಳತೆಗಳನ್ನು ಮತ್ತೆ ಲೆಕ್ಕಹಾಕಿ, ಅವುಗಳೊಳಗಿನ ದೋಷಗಳನ್ನು ಹೊರಗಿಟ್ಟರು.

ಮಿದುಳು ತೂಗಿದ ಬ್ರೋಕಾ ಇವತ್ತು ನೆನಪಿನಲ್ಲಿ ಉಳಿದಿರುವುದು ಆ ತೂಕಗಳಿಂದಲ್ಲ. 1861ರಲ್ಲಿ ಅವರು ಮಾತು ನಿಂತುಹೋಗಿದ್ದ ಒಬ್ಬ ರೋಗಿಯ ಮಿದುಳನ್ನು ಅವನು ಸತ್ತ ಮೇಲೆ ಪರೀಕ್ಷಿಸಿ, ಎಡ ಮುಂಭಾಗದ ಒಂದು ನಿರ್ದಿಷ್ಟ ಜಾಗ ಹಾಳಾಗಿರುವುದನ್ನು ಕಂಡರು. ಮಿದುಳಿನ ಶಕ್ತಿ ಅದರ ಒಟ್ಟು ಗಾತ್ರದಲ್ಲಿ ಅಡಗಿಲ್ಲ, ಯಾವ ಭಾಗ ಯಾವ ಕೆಲಸಕ್ಕೆ ಹೆಣೆದುಕೊಂಡಿದೆ ಎಂಬುದರಲ್ಲಿದೆ ಎಂಬ ಅರಿವಿಗೆ ಅದೇ ಹೆಬ್ಬಾಗಿಲಾಯಿತು.

ಅಂಕಿಗಳನ್ನು ಪ್ರಾಮಾಣಿಕವಾಗಿ ನೋಡುವುದಾದರೆ, ಮನುಷ್ಯರೊಳಗೆ ಮಿದುಳಿನ ಗಾತ್ರಕ್ಕೂ ಬುದ್ಧಿಪರೀಕ್ಷೆಯ ಅಂಕಕ್ಕೂ ಸಂಬಂಧ ಇಲ್ಲವೇ ಇಲ್ಲ ಎನ್ನಲಾಗದು. ಎಂಆರ್‌ಐ ಬಂದ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿದಾಗ ಸಿಕ್ಕ ಸಹಸಂಬಂಧ 0.24. ಎಂದರೆ ಜನರ ನಡುವೆ ಕಾಣುವ ವ್ಯತ್ಯಾಸದ ನೂರರಲ್ಲಿ ಸುಮಾರು ಆರು ಪಾಲಿಗಷ್ಟೇ ಗಾತ್ರ ಲೆಕ್ಕ ಕೊಡುತ್ತದೆ. ಉಳಿದ ತೊಂಬತ್ತನಾಲ್ಕು ಪಾಲಿಗೆ ಬೇರೆ ಕಾರಣಗಳನ್ನು ಹುಡುಕಬೇಕು. ಗಂಡಸರ ಮಿದುಳು ಹೆಂಗಸರದಕ್ಕಿಂತ ಸರಾಸರಿ ನೂರಕ್ಕೆ ಹತ್ತರಷ್ಟು ದೊಡ್ಡದಿದ್ದರೂ ಒಟ್ಟು ಬುದ್ಧಿಯ ಸರಾಸರಿಯಲ್ಲಿ ಅಂಥ ಅಂತರ ಕಾಣುವುದಿಲ್ಲ. ಒಬ್ಬರ ತಲೆ ನೋಡಿ ಅವರ ಬುದ್ಧಿ ಹೇಳುವುದು ಅಂದೂ ಸಾಧ್ಯವಿರಲಿಲ್ಲ, ಇಂದೂ ಸಾಧ್ಯವಿಲ್ಲ.

ಮಿದುಳನ್ನು ಕರಗಿಸಿ ಎಣಿಸಿದಾಗ

ಹಾಗಾದರೆ ಎಣಿಸಬೇಕಾದದ್ದು ಏನನ್ನು? ಮಿದುಳಿನ ಕೆಲಸಗಾರರು ನರಕೋಶಗಳು. ಮನುಷ್ಯನಲ್ಲಿ ಅವು 10,000 ಕೋಟಿ ಇವೆ ಎಂದು ಪಠ್ಯಪುಸ್ತಕಗಳು ಬಹಳ ಕಾಲ ಹೇಳುತ್ತಿದ್ದವು. ಆ ಸಂಖ್ಯೆಯ ಮೂಲ ಯಾವುದು ಎಂದು ಬ್ರೆಜಿಲಿನ ಸುಜಾನಾ ಹರ್ಕುಲಾನೊ ಹೌಜೆಲ್ ಹುಡುಕಿದಾಗ ನೇರ ಎಣಿಕೆಯ ಆಧಾರ ಎಲ್ಲೂ ಸಿಗಲಿಲ್ಲ.

2005ರಲ್ಲಿ ಅವರು ರಾಬರ್ಟೊ ಲೆಂಟ್ ಜೊತೆ ಒಂದು ಸರಳ ವಿಧಾನ ಪ್ರಕಟಿಸಿದರು. ರಸಾಯನದಲ್ಲಿ ಗಟ್ಟಿ ಮಾಡಿದ ಮಿದುಳನ್ನು ಮಾರ್ಜಕದ ನೀರಿನಲ್ಲಿ ಅರೆದು ಕರಗಿಸುವುದು. ಜೀವಕೋಶಗಳ ಪೊರೆ ಒಡೆದರೂ ಅವುಗಳ ಕೋಶಕೇಂದ್ರಗಳು ಹಾಗೇ ಉಳಿಯುತ್ತವೆ. ದ್ರವವನ್ನು ಚೆನ್ನಾಗಿ ಕದಡಿ, ಕೇಂದ್ರಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಒಂದು ಹನಿಯಲ್ಲಿ ಎಷ್ಟಿವೆ ಎಂದು ಎಣಿಸಿದರೆ ಒಟ್ಟು ಲೆಕ್ಕ ಸಿಗುತ್ತದೆ. ನರಕೋಶದ ಕೇಂದ್ರಕ್ಕೆ ಮಾತ್ರ ಅಂಟುವ ಇನ್ನೊಂದು ಬಣ್ಣ ಅವುಗಳನ್ನು ಬೇರೆ ಕೋಶಗಳಿಂದ ಬಿಡಿಸಿ ತೋರಿಸುತ್ತದೆ. 2009ರಲ್ಲಿ ಮನುಷ್ಯನ ಲೆಕ್ಕ ಬಂತು: ಸರಾಸರಿ 8,600 ಕೋಟಿ ನರಕೋಶ. ಇದರಲ್ಲಿ ಯೋಚನೆ, ಭಾಷೆ, ಯೋಜನೆಗಳು ನಡೆಯುವ ಹೊರಪದರ ಕಾರ್ಟೆಕ್ಸಿನಲ್ಲಿ ಇರುವುದು ಸುಮಾರು 1,600 ಕೋಟಿ. ತಲೆಯ ಹಿಂಬದಿಯಲ್ಲಿ, ಒಟ್ಟು ತೂಕದ ಹತ್ತನೇ ಒಂದು ಪಾಲಷ್ಟೇ ಇರುವ ಕಿರುಮಿದುಳಿನಲ್ಲಿ 6,900 ಕೋಟಿ.

ಆಮೇಲೆ ಒಂದೊಂದೇ ಪ್ರಾಣಿಯ ಲೆಕ್ಕ ಬಂದಂತೆ ಹಳೆಯ ಊಹೆ ಪೂರ್ತಿ ಕಳಚಿತು. ದಕ್ಷಿಣ ಅಮೆರಿಕದ ಹೆಗ್ಗಣದ ಬಂಧು ಕ್ಯಾಪಿಬಾರಾದ ಮಿದುಳು 76 ಗ್ರಾಮ್, ಉತ್ತರ ಭಾರತದ ರೀಸಸ್ ಕೋತಿಯದ್ದು 87 ಗ್ರಾಮ್. ತೂಕ ಹೆಚ್ಚುಕಡಿಮೆ ಸಮ. ನರಕೋಶಗಳು ಮಾತ್ರ ಒಂದರಲ್ಲಿ 160 ಕೋಟಿ, ಇನ್ನೊಂದರಲ್ಲಿ 640 ಕೋಟಿ. ಅವರೆಕಾಳಿನ ಚೀಲವೂ ರಾಗಿಯ ಚೀಲವೂ ಒಂದೇ ಗಾತ್ರವಿದ್ದ ಮಾತ್ರಕ್ಕೆ ಕಾಳಿನ ಎಣಿಕೆ ಒಂದಾಗುವುದಿಲ್ಲವಲ್ಲ. ಇಲಿ ಹೆಗ್ಗಣಗಳ ವಂಶದಲ್ಲಿ ಮಿದುಳು ದೊಡ್ಡದಾದಂತೆ ನರಕೋಶವೂ ದಪ್ಪಗಾಗುತ್ತದೆ. ವಾನರ ವಂಶದಲ್ಲಿ ಮಿದುಳು ಬೆಳೆದರೂ ನರಕೋಶ ಬಹುತೇಕ ಸಣ್ಣದಾಗಿಯೇ ಉಳಿದು, ಅಷ್ಟೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ. ಮನುಷ್ಯನಿಗೆ ಸಿಕ್ಕ ಅನುಕೂಲ ಇದು.

ಬೆಟ್ಟದ ಆನೆಗೆ ಸಿಕ್ಕ ಉತ್ತರ

ಸ್ಯಾಂಡರ್ಸನ್ ಎತ್ತಿದ್ದ ಪ್ರಶ್ನೆಗೆ ಅಂಕಿಯ ಉತ್ತರ ಬಂದದ್ದು 2014ರಲ್ಲಿ. ಆಫ್ರಿಕಾದ ಒಂದು ಆನೆಯ ಮಿದುಳನ್ನು ಇದೇ ವಿಧಾನದಿಂದ ಎಣಿಸಿದಾಗ ಸಿಕ್ಕದ್ದು 25,700 ಕೋಟಿ ನರಕೋಶ, ಮನುಷ್ಯನ ಮೂರರಷ್ಟು. ಆದರೆ ಅವುಗಳಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಇದ್ದದ್ದು ಕಿರುಮಿದುಳಿನಲ್ಲಿ. ಮನುಷ್ಯನದರ ಎರಡರಷ್ಟು ತೂಗುವ ಆನೆಯ ಕಾರ್ಟೆಕ್ಸಿನಲ್ಲಿ ಇದ್ದದ್ದು 560 ಕೋಟಿ, ಮನುಷ್ಯನ ಮೂರನೇ ಒಂದು ಪಾಲು.

ಕಿರುಮಿದುಳಿನಲ್ಲಿ ಇಷ್ಟೊಂದು ನರಕೋಶ ಏಕೆ? ಸೊಂಡಿಲಿನ ನವಿರಾದ ಚಲನೆ, ಅದರ ಸ್ಪರ್ಶಜ್ಞಾನ ಇದಕ್ಕೆ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. 2022ರಲ್ಲಿ ಬರ್ಲಿನ್ನಿನ ಸಂಶೋಧಕರು ಮುಖ ಮತ್ತು ಸೊಂಡಿಲನ್ನು ಆಡಿಸುವ ನರಕೋಶಗಳ ಗುಂಪನ್ನೇ ಎಣಿಸಿದಾಗ ಏಷ್ಯಾದ ಆನೆಯಲ್ಲಿ ಸುಮಾರು 54,000, ಆಫ್ರಿಕಾದ ಆನೆಯಲ್ಲಿ 63,000 ಸಿಕ್ಕವು. ನೆಲದ ಹುಲ್ಲಿನ ಎಸಳನ್ನೂ ಮರದ ಕೊಂಬೆಯನ್ನೂ ಒಂದೇ ಅಂಗದಿಂದ ಎತ್ತುವ ಜೀವಿಗೆ ಬೇಕಾದ ಏರ್ಪಾಡು ಇದು.

ಇಷ್ಟಕ್ಕೆ ಸ್ಯಾಂಡರ್ಸನ್ ಗೆದ್ದರು ಎನ್ನಲಾಗದು. ಅವರು ಆನೆಯನ್ನು ನೋಡಿದ್ದು ಹೆಚ್ಚಾಗಿ ಕಂದಕದಲ್ಲಿ, ಹಗ್ಗದಲ್ಲಿ, ಹೆದರಿದ ಹೊತ್ತಿನಲ್ಲಿ. 1980ರ ದಶಕದ ಆರಂಭದಲ್ಲಿ ರಾಮನ್ ಸುಕುಮಾರ್ ಇದೇ ಚಾಮರಾಜನಗರ, ಸತ್ಯಮಂಗಲ ಕಾಡುಗಳಲ್ಲಿ ಆನೆಗಳ ಮೇವು, ಓಡಾಟ, ಬೆಳೆಗೆ ನುಗ್ಗುವ ಕ್ರಮಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದರು. 2006ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಏಷ್ಯಾದ ಆನೆಯೊಂದು ಕನ್ನಡಿಯಲ್ಲಿ ತನ್ನನ್ನು ತಾನೇ ಗುರುತಿಸಿಕೊಂಡಿತು. 2019ರಲ್ಲಿ ನಿಶಾಂತ್ ಶ್ರೀನಿವಾಸಯ್ಯ, ಸುಕುಮಾರ್ ಮತ್ತು ಜೊತೆಗಾರರು ಇನ್ನೊಂದು ಸಂಗತಿ ವರದಿ ಮಾಡಿದರು: ದಕ್ಷಿಣ ಭಾರತದಲ್ಲಿ ಕಾಡು ಚೂರಾಗಿ ಹೊಲಗಳು ಹಬ್ಬಿದ ಕಡೆ, ಒಂಟಿಯಾಗಿ ತಿರುಗಬೇಕಾದ ಹರೆಯದ ಗಂಡಾನೆಗಳು ಕೂಡಿ ಹಿಂಡು ಕಟ್ಟಿಕೊಳ್ಳುತ್ತಿವೆ. ಬದಲಾದ ನೆಲಕ್ಕೆ ಹೊಸ ಬಾಳ್ವೆಯ ರೀತಿಯನ್ನೇ ಅವು ಕಂಡುಕೊಂಡಿವೆ. ಬೆಳೆ ಕಳೆದುಕೊಂಡ ಹನೂರು ಸೀಮೆಯ ರೈತರಿಗೆ ಆನೆ ದಡ್ಡ ಪ್ರಾಣಿ ಎಂದು ಯಾರೂ ಒಪ್ಪಿಸಲಾರರು. ಮಿದುಳು ಯಾವ ಬಾಳಿಗಾಗಿ ರೂಪುಗೊಂಡಿದೆಯೋ ಆ ಬಾಳಿನೊಳಗೇ ಅದರ ಜಾಣ್ಮೆಯನ್ನು ಅಳೆಯಬೇಕು.

ಹತ್ತು ಲಕ್ಷಕ್ಕೂ ಕಡಿಮೆ

ಆನೆಯ ಇನ್ನೊಂದು ತುದಿಯಲ್ಲಿದೆ ಜೇನುಹುಳ. ಅದರ ಮಿದುಳು ಸುಮಾರು ಒಂದು ಘನ ಮಿಲಿಮೀಟರ್, ನರಕೋಶಗಳು ಹತ್ತು ಲಕ್ಷಕ್ಕೂ ಕಡಿಮೆ. ಅಷ್ಟರಲ್ಲೇ ಅದು ಹೂವಿನ ದಿಕ್ಕು, ದೂರ ನೆನಪಿಟ್ಟುಕೊಂಡು, ಗೂಡಿಗೆ ಬಂದು ಕುಣಿದು ಸಂಗಾತಿಗಳಿಗೆ ತಿಳಿಸುತ್ತದೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನೆ ನಡೆಸಿದ ಮಂಡ್ಯಂ ವಿ. ಶ್ರೀನಿವಾಸನ್, ಹಾರುವಾಗ ಕಣ್ಣಮುಂದೆ ಹಿಂದಕ್ಕೆ ಸರಿಯುವ ದೃಶ್ಯದಿಂದಲೇ ಜೇನು ದೂರ ಅಳೆಯುತ್ತದೆ ಎಂಬುದನ್ನು 2000ದಲ್ಲಿ ತಮ್ಮ ತಂಡದೊಂದಿಗೆ ಖಚಿತಪಡಿಸಿದರು. 2008ರಲ್ಲಿ ಮೇರಿ ಡಾಕೆ ಜೊತೆ ಸೇರಿ, ಜೇನು ನಾಲ್ಕರವರೆಗೆ ಎಣಿಸಬಲ್ಲದು ಎಂದೂ ತೋರಿಸಿದರು. ಇಷ್ಟು ಕೆಲಸಕ್ಕೆ ಇಷ್ಟು ಕಡಿಮೆ ಕೋಶ ಸಾಕಾಗುವುದು ಅವುಗಳ ಹೆಣಿಗೆಯ ಬಿಗಿಯಿಂದ.

ಜೇನಿನ ಈ ದೂರಮಾಪನದ ಬಗ್ಗೆ 2003ರಲ್ಲಿ ಶ್ರೀನಿವಾಸನ್ ಅವರೊಂದಿಗೆ ಪ್ರಬಂಧ ಬರೆದ ಆಂಗ್ ಸಿ ಆಮೇಲೆ ಭಾಷಾವಿಜ್ಞಾನದ ಕಡೆ ಹೊರಳಿ ಬಿಳಿಗಿರಿರಂಗನ ಬೆಟ್ಟಕ್ಕೇ ಬಂದರು. ಸೋಲಿಗರ ಮಾತನ್ನು ಕಲಿತು, ಹೆಜ್ಜೇನು, ತುಡುವೆ, ಕೋಲುಜೇನು, ನೆಸರುಜೇನುಗಳ ಬಗ್ಗೆ, ಯಾವ ಕಾಲಕ್ಕೆ ಯಾವ ಹೂವಿನಿಂದ ಜೇನು ಎಂಬುದರ ಬಗ್ಗೆ, ಹಕ್ಕಿ ಮರಗಳ ಬಗ್ಗೆ ಅವರಿಗಿರುವ ಅರಿವನ್ನು ದಾಖಲಿಸಿ 2016ರಲ್ಲಿ ಗ್ರಂಥವಾಗಿಸಿದರು. ಥರ್ಸ್ಟನ್ನರ ಕೋಷ್ಟಕದಲ್ಲಿ ಒಂದು ಸಾಲಾಗಿದ್ದ ಜನರ ತಲೆಯೊಳಗೆ ಏನಿತ್ತು ಎಂಬುದು ಒಂದು ಶತಮಾನದ ಮೇಲೆ ಹೀಗೆ ಪುಸ್ತಕಕ್ಕೆ ಬಂತು. ಕ್ಯಾಲಿಪರಿಗೆ ಸಿಗದೆ ಹೋದದ್ದು ಅವರ ಜೊತೆ ಕೂತು ಕೇಳಿದವರಿಗೆ ಸಿಕ್ಕಿತು. ಅಕ್ಷರ ಕಲಿಯದೆ ಮಾದಪ್ಪನ, ಮಂಟೇಸ್ವಾಮಿಯ ಕಥೆಯನ್ನು ರಾತ್ರಿಗಟ್ಟಲೆ ಹಾಡುವ ಕಂಸಾಳೆಯವರು, ನೀಲಗಾರರು ಇರುವ ಸೀಮೆಯೂ ಇದೇ. ಅವರು ಹಾಡಿದ್ದನ್ನು ಬರೆದಿಟ್ಟಾಗ ನೂರಾರು ಪುಟಗಳಾದವು.

2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಜೇನು ಮುಂತಾದ ಕಾಡುತ್ಪನ್ನ ತರುವ, ಕಾಡನ್ನು ಕಾಯುವ ಸಮುದಾಯ ಹಕ್ಕು ಸಿಕ್ಕಿತು. ತಮ್ಮ ದೇವರ ತಾಣಗಳನ್ನು, ದೊಡ್ಡಸಂಪಿಗೆಯಂಥ ಪೂಜ್ಯ ಮರಗಳನ್ನು ಅವರೇ ನಕ್ಷೆಯಲ್ಲಿ ಗುರುತಿಸಿದ್ದರು. ಅಳೆಸಿಕೊಂಡವರ ಮೊಮ್ಮಕ್ಕಳ ಮಕ್ಕಳು ಈಗ ತಾವೇ ಅಳೆಯುವವರಾಗಿದ್ದರು.

ಅಳತೆಯ ಧರ್ಮ

ಅಳತೆಯೇ ಕೆಟ್ಟದ್ದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ಆರಂಭವಾದ ಮಿದುಳು ಬ್ಯಾಂಕಿನಲ್ಲಿ, ಮನೆಮಂದಿ ಒಪ್ಪಿ ದಾನ ಕೊಟ್ಟ ಮಿದುಳುಗಳಿವೆ. ಪಾರ್ಶ್ವವಾಯು, ಮರೆಗುಳಿತನ, ಸೋಂಕುಗಳು ಮಿದುಳನ್ನು ಹೇಗೆ ಕೆಡಿಸುತ್ತವೆ ಎಂದು ಅಲ್ಲಿ ಕಲಿಯುತ್ತಾರೆ. ಅಲ್ಲಿನ ಸಂಗ್ರಹಾಲಯ ಸಾರ್ವಜನಿಕರಿಗೂ ತೆರೆದಿದೆ. ಥರ್ಸ್ಟನ್ನರ ಮ್ಯೂಸಿಯಮ್ಮಿಗೂ ಇದಕ್ಕೂ ಇರುವ ಅಂತರವೆಂದರೆ ಒಪ್ಪಿಗೆ ಮತ್ತು ಉದ್ದೇಶ.

ಕಾಮಗೆರೆಯಲ್ಲೇ ಆಗಲಿ, ಬೆಟ್ಟದ ಸೋಲಿಗರ ವಸತಿಯಾದ ಪೋಡಿನಲ್ಲೇ ಆಗಲಿ, ಹುಟ್ಟಿದ ಮಗುವಿನ ತಲೆಗೆ ದಾದಿ ಟೇಪು ಸುತ್ತುತ್ತಾಳೆ. ಸುಮಾರು 33ರಿಂದ 35 ಸೆಂಟಿಮೀಟರ್ ಇರಬೇಕು. ತೀರ ಕಡಿಮೆಯಾದರೆ ಮಿದುಳು ಬೆಳೆಯದ ಸೂಚನೆಯಿರಬಹುದು, ಬೇಗ ಹೆಚ್ಚಾದರೆ ನೀರು ತುಂಬಿದ ಸೂಚನೆಯಿರಬಹುದು. ನೀರು ತುಂಬಿದ್ದನ್ನು ಬೇಗ ಕಂಡುಹಿಡಿದರೆ ಚಿಕಿತ್ಸೆ ಕೊಡಬಹುದು. ಕಾರ್ಟೆಕ್ಸಿನ ಬಹುಪಾಲು ನರಕೋಶಗಳು ಹುಟ್ಟುವ ಮೊದಲೇ ಮೂಡಿರುತ್ತವೆ. ಅವುಗಳ ನಡುವಿನ ಕೊಂಡಿಗಳು ದಟ್ಟವಾಗಿ ಬೆಳೆಯುವುದು ಆಮೇಲೆ, ಮೊದಲ ವರ್ಷಗಳಲ್ಲಿ. ಗರ್ಭಿಣಿಗೆ ಅಯೋಡಿನ್ ಬೆರೆತ ಉಪ್ಪು, ಫೋಲಿಕ್ ಆಮ್ಲ, ಕಬ್ಬಿಣಾಂಶ. ಮಗುವಿಗೆ ಎದೆಹಾಲು, ಹೊಟ್ಟೆತುಂಬ ಊಟ, ಮಾತಾಡಿಸುವ ಜನ, ಮನೆಯ ಹತ್ತಿರ ಶಾಲೆ. ಮಗುವಿನ ಮಿದುಳಿಗಾಗಿ ಒಂದು ಸಮಾಜ ಮಾಡಬಹುದಾದ ಕೆಲಸ ಇದೇ. ಇವುಗಳಲ್ಲಿ ಯಾವುದು ತಪ್ಪಿದರೂ ಹೊಣೆ ಮಗುವಿನ ಕುಲದ ಮೇಲೆ ಬೀಳುವಂಥದ್ದಲ್ಲ, ನಮ್ಮ ಮೇಲೆ.

ಥರ್ಸ್ಟನ್ನರ ಕಾಲದಲ್ಲಿ ಒಬ್ಬರ ತಲೆಯನ್ನು ಇನ್ನೊಬ್ಬರ ತಲೆಯ ಪಕ್ಕ ಇಟ್ಟು ಮೇಲು ಕೀಳು ಹೇಳಲು ಅಳೆದರು. ದಾದಿಯ ಟೇಪು ಒಂದು ಮಗುವಿನ ಇಂದಿನ ತಲೆಯನ್ನು ಅದೇ ಮಗುವಿನ ಹೋದ ತಿಂಗಳ ತಲೆಯ ಜೊತೆ ಹೋಲಿಸುತ್ತದೆ, ಅದಕ್ಕೆ ಏನು ಬೇಕು ಎಂದು ತಿಳಿಯಲು. ನಾಳೆ ಮಿದುಳಿನ ಚಿತ್ರಗಳೂ ನರಕೋಶಗಳ ಎಣಿಕೆಯೂ ಇನ್ನಷ್ಟು ನಿಖರವಾಗುತ್ತವೆ. ಆ ಅಂಕಿಗಳನ್ನು ಹಿಡಿದು ಮತ್ತೆ ಜನರನ್ನು ಸಾಲಿನಲ್ಲಿ ನಿಲ್ಲಿಸುವ ಆಸೆಯೂ ಮರಳಿ ಬರುತ್ತದೆ. ಯಾವ ಅಳತೆ ಬಂದರೂ ಅದು ಯಾರ ಒಳಿತಿಗೆ ಎಂದು ಮೊದಲು ಕೇಳುವ ಹಕ್ಕು ಅಳೆಸಿಕೊಳ್ಳುವವರಿಗೆ ಇರಲೇಬೇಕು.